ರಾಜಧಾನಿ ಎತ್ತ ಕಡಿ ಸರ?

ದೇಶವನ್ನು ಮಕ್ಕಳಿಗೆ ಪರಿಚಯ ಮಾಡಿಕೊಡುವ ಪುಸ್ತಕಗಳೆಲ್ಲ ಆಕಾಶದಿಂದ ಶುರುವಾಗುತ್ತವೆ. ಭಾರತದ ಮುಖ್ಯ ಭೂಭಾಗ 8 ಡಿಗ್ರಿ 4 ನಿಮಿಷದಿಂದ 37 ಡಿಗ್ರಿ 6 ನಿಮಿಷ ಉತ್ತರ ಅಕ್ಷಾಂಶದವರೆಗೆ ಹಬ್ಬಿದೆ ಎಂದು ಮೊದಲ ಸಾಲಿನಲ್ಲೇ ಹೇಳಿಬಿಡುತ್ತವೆ. ಬರೆದವರು ಚಂದ್ರನ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರೇನೋ. ಓದುವ ಹುಡುಗ ಕೂತಿರುವುದು ಮಾತ್ರ ದೇವರ ಹಿಪ್ಪರಗಿಯ ಶಾಲೆಯೊಂದರ ಕಿಟಕಿ ಪಕ್ಕದಲ್ಲಿ, ಹೊರಗೆ ಎಮ್ಮೆ ನೋಡುತ್ತ. ಸಮಾಜ ವಿಜ್ಞಾನ ಕಲಿಸುವವನಿಗೆ ಸರ್ಕಾರ ಸಂಬಳ ಕೊಡುವುದು ಈ ಇಬ್ಬರನ್ನೂ ಭೆಟ್ಟಿ ಮಾಡಿಸಲಿಕ್ಕೆ ಎಂದು ನಾನು ತಿಳಿದಿದ್ದೇನೆ.

‘ಇದರಾಗ ನಾವ್ ಎಲ್ಲಿ ಅದೀವ್ರಿ ಸರ?’ ನಕಾಶೆ ಬಿಚ್ಚಿದ ಕೂಡಲೇ ಪ್ರತಿ ವರ್ಷ ಯಾರಾದರೂ ಕೇಳಿಯೇ ಕೇಳುತ್ತಾರೆ. ನಾವಿರುವುದು ಸುಮಾರು 17 ಡಿಗ್ರಿ ಉತ್ತರ, 76 ಡಿಗ್ರಿ ಪೂರ್ವ. ಇಷ್ಟು ಹೇಳಿದರೆ ಯಾರಿಗೂ ಏನೂ ಆಗುವುದಿಲ್ಲ. ಅದೇ ಅಂಕಿಯನ್ನು ಗಡಿಯಾರಕ್ಕೆ ಗಂಟು ಹಾಕಿದರೆ ಹಿಂದಿನ ಬೆಂಚಿಗೂ ಎಚ್ಚರವಾಗುತ್ತದೆ. ದೇಶದ ಗಡಿಯಾರ ನಡೆಯುವುದು ಪ್ರಯಾಗರಾಜದ ಸಮೀಪ ಹಾಯ್ದು ಹೋಗುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಒಂದು ಡಿಗ್ರಿಗೆ 4 ನಿಮಿಷ. ಹಾಗಾಗಿ ಗೋಡೆಯ ಗಡಿಯಾರ 12 ತೋರಿಸಿದ ಮೇಲೂ ನಮ್ಮೂರಿನ ಮಧ್ಯಾಹ್ನ ಆಗಲಿಕ್ಕೆ ಹೆಚ್ಚುಕಡಿಮೆ 25 ನಿಮಿಷ ಬೇಕು. ಇದನ್ನು ಬೋರ್ಡಿನ ಮೇಲೆ ಲೆಕ್ಕ ಹಾಕಿ ತೋರಿಸಿದಾಗ ಒಬ್ಬ ಹುಡುಗ, ‘ಹೊಟ್ಟಿ ಮಾತ್ರ ಪ್ರಯಾಗರಾಜದ ಟೈಮಿಗೇ ಹಸೀತೈತ್ರಿ ಸರ’ ಅಂದ. ಅತ್ತ ಬಿಸಿಯೂಟದ ಸಾಂಬಾರಿಗೆ ಒಗ್ಗರಣೆ ಬಿದ್ದಿತ್ತು. ರೇಖಾಂಶದ ಪಾಠ ಅಲ್ಲಿಗೆ ಮುಗಿಯಿತು.

ಅಕ್ಷಾಂಶದ್ದು ಇನ್ನೊಂದು ತಮಾಷೆ. ನಾವು ಕರ್ಕಾಟಕ ಸಂಕ್ರಾಂತಿ ವೃತ್ತದ ಈಚೆಗಿರುವುದರಿಂದ ಸೂರ್ಯ ವರ್ಷಕ್ಕೆರಡು ಸಲ ಕರಾರುವಾಕ್ಕಾಗಿ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟ ಕೋಲಿನ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಒಂದು ಸಲ ಮೇ 8ರ ಆಸುಪಾಸು, ಇನ್ನೊಂದು ಸಲ ಆಗಸ್ಟ್ ಮೊದಲ ವಾರ. ಮೇ ತಿಂಗಳಲ್ಲಿ ಶಾಲೆಗೆ ಸೂಟಿ. ಆಗಸ್ಟಿನಲ್ಲಿ ಮೋಡ. ಮಳೆ ಬರುವುದಿಲ್ಲ, ಬರೀ ಮೋಡ. ನಮ್ಮ ಮಕ್ಕಳಿಗೆ ತೋರಿಸಬಾರದೆಂದು ಸೂರ್ಯನೇ ಶೈಕ್ಷಣಿಕ ಕ್ಯಾಲೆಂಡರ್ ನೋಡಿಕೊಂಡು ಬರುತ್ತಾನೋ ಏನೋ.

ನೆಲದ ಪಾಠ ಇದಕ್ಕಿಂತ ಸಲೀಸು. ಪುಸ್ತಕ ಬದಿಗಿಟ್ಟು, ಚಪ್ಪಲಿ ಬಿಟ್ಟು ಹೊರಗೆ ನಡೆದರಾಯಿತು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನಿನ ಮೇಲೆ ಪದರ ಪದರವಾಗಿ ಹರಿದ ಲಾವಾ ಆರಿ ಕಲ್ಲಾಗಿ, ಆ ಕಲ್ಲು ಸವೆದು ಎರಿಮಣ್ಣಾದದ್ದು ಎಂದರೆ ಮಕ್ಕಳು ನಂಬುತ್ತಾರೆ. ಅದರ ಸ್ವಭಾವ ಅವರಿಗೆ ಗೊತ್ತು. ಮಳೆ ಬಂದರೆ ಕಾಲು ಬಿಡುವುದಿಲ್ಲ, ಬೇಸಿಗೆಯಲ್ಲಿ ಬಿರಿದರೆ ಚೆಂಡು ಹೋದದ್ದು ತಿರುಗಿ ಬರುವುದಿಲ್ಲ. ‘ಭಾರತದ ಮಳೆಯ ಬಹುಪಾಲು ನೈಋತ್ಯ ಮಾನ್ಸೂನಿನಿಂದ’ ಎಂಬ ವಾಕ್ಯ ಮಾತ್ರ ಅವರಿಗೆ ಒಗ್ಗುವುದಿಲ್ಲ. ಪಶ್ಚಿಮ ಘಟ್ಟದಲ್ಲಿ ಇದ್ದುದನ್ನೆಲ್ಲ ಸುರಿದು ಬರಿಗೈಯಲ್ಲಿ ಬರುವ ಮಾನ್ಸೂನು ನಮ್ಮದು. ಬಿಳಿಜೋಳದ ಮನೆಗಳು ಬಾಯಿ ತೆರೆದು ಕಾಯುವುದು ಹಿಂಗಾರಿಯನ್ನು, ಉತ್ತರಿ–ಹಸ್ತಿ ಮಳೆಯನ್ನು. ತೆಂಕಲಿಗೆ ಡೋಣಿ ಹೊಳೆ. ಡೋಣಿ ಹರಿದರೆ ಓಣೆಲ್ಲ ಜೋಳ ಎನ್ನುವ ಮಾತನ್ನು ಪರೀಕ್ಷೆಯಲ್ಲಿ ಕೇಳುವುದಿಲ್ಲ. ಗಂಗಾ ನದಿಯ ಉಪನದಿಗಳನ್ನು ಕೇಳುತ್ತಾರೆ.

ಇಲ್ಲೊಂದು ಅಡ್ಡ ಮಾತು. ಹಿಪ್ಪರಗಿ ಎಂದ ಕೂಡಲೇ ಬೆಂಗಳೂರಿನ ಕಡೆಯವರು, ‘ಓ, ಬ್ಯಾರೇಜ್ ಇರೋದಲ್ವಾ? ನಿಮಗೇನು ಬಿಡಿ, ನೀರಿಗೆ ಬರ ಇಲ್ಲ’ ಅನ್ನುತ್ತಾರೆ. ಆ ಹಿಪ್ಪರಗಿ ಬಾಗಲಕೋಟೆ ಜಿಲ್ಲೆಯಲ್ಲಿ, ಕೃಷ್ಣೆಯ ಮೇಲೆ. ಅವರಿಗೆ ನೀರು ಸಿಕ್ಕಿತು, ನಮಗೆ ದೇವರು.

ಇತಿಹಾಸಕ್ಕೆ ಬಂದರೆ ನಿಜವಾದ ಫಜೀತಿ. ರಾಜಧಾನಿ ಯಾವುದು ಎಂದರೆ ಪುಸ್ತಕದಲ್ಲಿ ಒಂದೇ ಉತ್ತರ ಇರುತ್ತದೆ. ಹಿಪ್ಪರಗಿಯಲ್ಲಿ ನಿಂತು ಕೇಳಿದರೆ, ಯಾವಾಗಿನದು ಹೇಳಲಿ ಎಂದು ತಿರುಗಿ ಕೇಳಬೇಕು. ಚಾಲುಕ್ಯರ ಕಾಲಕ್ಕೆ ದಕ್ಷಿಣಕ್ಕೆ ಮುಖ ಮಾಡಿ ಬಾದಾಮಿ ಎನ್ನಬೇಕು. ರಾಷ್ಟ್ರಕೂಟರು ಬಂದ ಮೇಲೆ ಭೀಮೆಯ ಆಚೆಯ ಮಳಖೇಡ. ಅಲ್ಲಿಂದ ಕಲ್ಯಾಣ, ಆಮೇಲೆ ಸೇವುಣರ ದೇವಗಿರಿ. 1347ರಲ್ಲಿ ಬಹಮನಿಗಳು ಕಲಬುರಗಿಯಲ್ಲಿ ಗದ್ದುಗೆ ಹಾಕಿ, ಮುಂದೆ ಬೀದರಿಗೆ ಎದ್ದು ಹೋದರು. 1490ರ ಸುಮಾರಿಗೆ ಆದಿಲ್ ಶಾಹಿಗಳಿಂದಾಗಿ ರಾಜಧಾನಿ ವಿಜಯಪುರಕ್ಕೇ ಬಂತು. ಎತ್ತಿನ ಗಾಡಿಯಲ್ಲಿ ಹೋಗಿ ಬರುವಷ್ಟು ಹತ್ತಿರ. ಎರಡು ಶತಮಾನದ ಸುಖ. 1686ರಲ್ಲಿ ಔರಂಗಜೇಬ ಅದನ್ನೂ ಕಿತ್ತುಕೊಂಡ. ಬಳಿಕ ನಿಜಾಮ, 1760ರಲ್ಲಿ ವಿಜಯಪುರ ಪೇಶ್ವೆಗಳ ಪಾಲಾಗಿ ದೊರೆತನ ಪುಣೆಗೆ ಹೋಯಿತು. 1818ರಲ್ಲಿ ಸಾತಾರದ ರಾಜನಿಗೆ, 1848ರಲ್ಲಿ ಆ ಸಂಸ್ಥಾನವೇ ಮುಗಿದು ಬ್ರಿಟಿಷರ ಮುಂಬಯಿಗೆ. 1956ರ ನವೆಂಬರ್ 1ರಂದು ಬೆಂಗಳೂರು. ಹಿಪ್ಪರಗಿ ಕೂತಲ್ಲೇ ಕೂತಿತ್ತು. ತಿರುಗಾಡಿದ್ದು ರಾಜಧಾನಿ.

ಜಿಲ್ಲೆಗೂ ಇದೇ ಚಾಳಿ. 1885ರವರೆಗೆ ಇದು ಕಲಾದಗಿ ಜಿಲ್ಲೆ. 1997ರಲ್ಲಿ ಬಾಗಲಕೋಟೆ ಬೇರೆ ಮನೆ ಮಾಡಿತು. 2014ರಲ್ಲಿ ಬಿಜಾಪುರ ಹೋಗಿ ವಿಜಯಪುರ ಆಯಿತು. ಈಚಿನವರೆಗೆ ಸಿಂದಗಿ ತಾಲೂಕಿನಲ್ಲಿದ್ದ ನಮ್ಮೂರು ಈಗ ತಾನೇ ತಾಲೂಕು. ಗೋಡೆಗೆ ತೂಗಿದ ಹಳೇ ನಕಾಶೆಗೆ ಇದ್ಯಾವುದರ ಸುದ್ದಿಯೂ ಮುಟ್ಟಿಲ್ಲ. ಅದರಲ್ಲಿ ಬಾಗಲಕೋಟೆ ಇನ್ನೂ ನಮ್ಮ ಹೊಟ್ಟೆಯೊಳಗೇ ಇದೆ. ಹೊಸದು ತರಿಸಬಹುದು. ಆದರೆ ಪಾಠಕ್ಕೆ ಹಳೆಯದೇ ಚಲೋ. ಮಕ್ಕಳು ತಪ್ಪು ಹುಡುಕುತ್ತ ಹುಡುಕುತ್ತ ಜಿಲ್ಲೆಯ ಚರಿತ್ರೆ ಕಲಿತುಬಿಡುತ್ತಾರೆ.

ರಾಜಧಾನಿಗೆ ಹೊರಟ ನಮ್ಮೂರ ಮೊದಲ ಹೆಸರುವಾಸಿ ಪ್ರಯಾಣಿಕ ಮಡಿವಾಳ ಮಾಚಿದೇವ. 12ನೆಯ ಶತಮಾನದಲ್ಲಿ ಇಲ್ಲಿಂದ ಕಲ್ಯಾಣಕ್ಕೆ ಹೋಗಿ ಶರಣರ ಬಟ್ಟೆ ಮಡಿ ಮಾಡಿದವನು. ಕಾಯಕ ಮಾಡದವರ ಬಟ್ಟೆಯನ್ನು ಮುಟ್ಟುತ್ತಿರಲಿಲ್ಲವಂತೆ. ಈ ಸಂಗತಿ ಹೇಳಿದ ದಿನ ಹೋಮ್‌ವರ್ಕ್ ಮಾಡದ ಹುಡುಗರು ತಮ್ಮ ತಮ್ಮ ಅಂಗಿಯನ್ನೊಮ್ಮೆ ನೋಡಿಕೊಳ್ಳುತ್ತಾರೆ.

ಪುಸ್ತಕದ ಇತಿಹಾಸ ನಮ್ಮ ಸೀಮೆಯಲ್ಲಿ ಹಾಯುವುದು ಎರಡೇ ಕಡೆ. ಒಂದು ಗೋಳಗುಮ್ಮಟ. ಒಳಗೆ 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾ. ಮೇಲೆ, 44 ಮೀಟರ್ ಅಗಲದ ಗುಮ್ಮಟದಡಿ, ಗೆಳೆಯರ ಅಡ್ಡಹೆಸರನ್ನು ಒದರಿ ಅದು ತಿರುಗಿ ಬರುವುದನ್ನು ಎಣಿಸುವ ನಮ್ಮ ಹುಡುಗರು. ಇನ್ನೊಂದು ತಾಳೀಕೋಟೆ ಕದನ, 1565. ‘ನಮ್ಮ ಅತ್ತಿ ಊರ್ರೀ ಸರ’ ಎಂದು ನಾಲ್ಕು ಕೈ ಮೇಲೇಳುತ್ತವೆ. ಸುಲ್ತಾನರ ದಂಡು ಬೀಡುಬಿಟ್ಟದ್ದು ಅಲ್ಲಿ ಹೌದು, ಕಾದಾಡಿದ್ದು ಕೃಷ್ಣೆ ದಾಟಿದ ಮೇಲೆ. ತಾಳೀಕೋಟೆಗೆ ಯುದ್ಧದ ಹೆಸರು ಸಿಕ್ಕಿತು, ಯುದ್ಧ ಸಿಗಲಿಲ್ಲ. ಅತ್ತೆಯ ಊರಿನವರು ಇದನ್ನು ಒಪ್ಪುವುದಿಲ್ಲ. ನಾನೂ ವಾದಕ್ಕೆ ಹೋಗುವುದಿಲ್ಲ.

ನಾಡಿನ ಚರಿತ್ರೆಯನ್ನು ನಾಡಿನವರಿಗೇ ಪರಿಚಯ ಮಾಡಿಕೊಡಬೇಕಾಗಿ ಬಂದ ಕಾಲವೂ ಒಂದಿತ್ತು. ಮುಂಬಯಿ ಪ್ರಾಂತದ ಕನ್ನಡಿಗರು ತಮಗೊಂದು ಇತಿಹಾಸ ಇದೆ ಎಂಬುದನ್ನೇ ಮರೆತಂತಿದ್ದಾಗ 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದ ಆಲೂರ ವೆಂಕಟರಾಯರು ಹುಟ್ಟಿದ್ದು 1880ರಲ್ಲಿ, ವಿಜಯಪುರದಲ್ಲೇ. ಮಕ್ಕಳಿಗೆ ಹೇಳಿದೆ. ‘ಅವರು ನಮ್ಮ ಜಿಲ್ಲಾದವರಾ?’ ಎಂದು ಖುಷಿಪಟ್ಟರು. ಧಾರವಾಡದವರ ಕಿವಿಗೆ ಬೀಳದಿರಲಿ. ಅವರು ತಮ್ಮವರೆಂದೇ ತಿಳಿದಿದ್ದಾರೆ.

ದೇಶ ಅಂದರೇನು, ಪರದೇಶ ಅಂದರೇನು ಎನ್ನುವುದನ್ನು ಮಾತ್ರ ನಾನು ಪುಸ್ತಕದಿಂದ ಹೇಳುವುದಿಲ್ಲ. ಹಿಪ್ಪರಗಿಯ ಮುತ್ಯಾಗಳ ಕಾಲಕ್ಕೆ ಪರದೇಶ ಬುತ್ತಿ ಕಟ್ಟಿಕೊಂಡು ನಡೆದು ಹೋಗುವಷ್ಟು ಹತ್ತಿರ ಇತ್ತು. ಗಾಣಗಾಪುರದ ದತ್ತನ ದರ್ಶನಕ್ಕೆಂದು ಭೀಮೆ ದಾಟಿದರೆ ಅದು ನಿಜಾಮನ ರಾಜ್ಯ. ನದಿಯ ಈಚೆ ಇಂಗ್ಲಿಷರ ಕಲದಾರ ರೂಪಾಯಿ, ಆಚೆ ಹಾಲಿ ಸಿಕ್ಕಾ. ಅಲ್ಲಿಯ 7 ರೂಪಾಯಿಗೆ ಇಲ್ಲಿಯ 6. ಅಂಚೆ ಚೀಟಿ ಬೇರೆ, ಸುಂಕ ಬೇರೆ, ಕಚೇರಿಯ ಭಾಷೆ ಉರ್ದು. ಮಾತು ಮಾತ್ರ ಅದೇ ಕನ್ನಡ, ರೊಟ್ಟಿ ಅದೇ, ಬೀಗರೂ ಅವರೇ. ಹೆಣ್ಣು ಕೊಟ್ಟವರು ಪರದೇಶಕ್ಕೆ ಹೆಣ್ಣು ಕೊಟ್ಟಿದ್ದರು, ಅವರಿಗದು ಹೊಳೆದಿರಲಿಕ್ಕಿಲ್ಲ. 1947ರ ಆಗಸ್ಟ್ 15ಕ್ಕೆ ಇತ್ತ ಬಾವುಟ ಏರಿತು. ಅತ್ತ ಏರಲು 1948ರ ಸೆಪ್ಟೆಂಬರ್ 17 ಆಯಿತು. ಬೀಗರಲ್ಲಿ ಒಬ್ಬರು ಸ್ವತಂತ್ರರು, ಇನ್ನೊಬ್ಬರು ಅಲ್ಲ, ಹದಿಮೂರು ತಿಂಗಳು! ಇದನ್ನು ಕೇಳುವಾಗ ಮಕ್ಕಳು ಎಮ್ಮೆ ನೋಡುವುದನ್ನು ಬಿಡುತ್ತಾರೆ.

ಆ ಗಡಿ ಅಳಿಸಿ ಇಷ್ಟು ಕಾಲವಾದರೂ ಅದರ ಗುರುತು ಎಲ್ಲಿ ಉಳಿದಿದೆ ಎಂದು ತೋರಿಸಲು ಬಸ್ ಸ್ಟ್ಯಾಂಡಿಗೆ ಕರೆದೊಯ್ಯಬೇಕು. ನಮ್ಮೂರಿಗೆ ಬರುವ ಕೆಂಪು ಬಸ್ಸಿನ ಮೈಮೇಲೆ ‘ಕಲ್ಯಾಣ ಕರ್ನಾಟಕ’ ಎಂದು ಹಳೇ ನಿಜಾಮ ಸೀಮೆಯ ಹೆಸರಿದೆ. ವಿಜಯಪುರ ವಿಭಾಗ ಆ ನಿಗಮಕ್ಕೆ ಸೇರಿದ್ದು. ಆದರೆ ಬಸ್ಸು ನಿಂತ ನೆಲ ಹಳೇ ಮುಂಬಯಿ ಕರ್ನಾಟಕ, 2021ರಿಂದ ‘ಕಿತ್ತೂರು ಕರ್ನಾಟಕ’. ಹೀಗಾಗಿ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ನಮಗಿಲ್ಲ. ಬಸ್ಸು ಜೇವರಗಿ ಮುಟ್ಟಿದರೆ ಅಲ್ಲಿಯವರಿಗೆ ಉಂಟು. ಹೈಕೋರ್ಟಿಗೆ ಹೋಗಬೇಕೆಂದರೆ ಕಲಬುರಗಿ ಪೀಠ. ಕರೆಂಟು ಹುಬ್ಬಳ್ಳಿಯ ಕಂಪನಿಯದು. ಡಿಗ್ರಿ ಓದಿದರೆ ಸರ್ಟಿಫಿಕೇಟು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ್ದು. ಜಗಳಕ್ಕೆ ಮೂಡಲಿಗೆ, ಬೆಳಕಿಗೆ ತೆಂಕಲಿಗೆ, ವಿದ್ಯೆಗೆ ಪಡುವಲಿಗೆ. ಮನೆಯ ಬಾಗಿಲು ಎತ್ತ ಇಡಬೇಕೆಂದು ವಾಸ್ತುದವರನ್ನು ಕೇಳಿದರೆ ಅವರೂ ತಲೆ ಕೆರೆದುಕೊಳ್ಳಬೇಕು.

ಉಳಿದದ್ದು ಪ್ರಮುಖ ನಗರಗಳು. ಪುಸ್ತಕದಲ್ಲಿ ಅವು ಜನಸಂಖ್ಯೆಯ ಪ್ರಕಾರ ಸಾಲಾಗಿ ನಿಂತಿವೆ: ಮುಂಬೈ, ದಿಲ್ಲಿ, ಬೆಂಗಳೂರು ಹೀಗೆ. ಎಸ್ಸೆಸ್ಸೆಲ್ಸಿಯಲ್ಲಿ ಭಾರತದ ನಕಾಶೆ ಬರೆದು ಸ್ಥಳ ಗುರುತಿಸಿದರೆ 5 ಅಂಕ. ಬೇರೇನೂ ಬಾರದಿದ್ದರೂ ಇದೊಂದು ಬರಲಿ ಎಂದು ನಾವು ಮಾಸ್ತರರು ವರ್ಷವಿಡೀ ತಿದ್ದಿಸುತ್ತೇವೆ. ಹುಡುಗರ ಕೈಯಲ್ಲಿ ದೇಶ ಏನೇನೋ ಆಗುತ್ತದೆ. ಗುಜರಾತ್ ಮೂಗು ಮುಂದೆ ಚಾಚುತ್ತದೆ, ಈಶಾನ್ಯಕ್ಕೆ ಹೋಗುವಷ್ಟರಲ್ಲಿ ಹಾಳೆ ಮುಗಿಯುತ್ತದೆ, ಶ್ರೀಲಂಕಾ ಕೆಲವೊಮ್ಮೆ ತಮಿಳುನಾಡಿಗಿಂತ ದಪ್ಪ. ಆದರೂ ಕಾಂಡ್ಲಾ ಎಲ್ಲಿದೆ, ಹಿರಾಕುಡ್ ಎಲ್ಲಿದೆ ಎಂದು ನಿದ್ದೆಗಣ್ಣಲ್ಲೂ ಚುಕ್ಕೆ ಇಡುತ್ತಾರೆ. ಕಾಂಡ್ಲಾ ಬಂದರಿನಲ್ಲಿ ಏನಿದೆ ಎಂದರೆ ‘ಚುಕ್ಕಿ ಐತ್ರಿ’ ಎನ್ನುತ್ತಾರೆ.

ಅವರ ತಲೆಯೊಳಗಿನ ನಕಾಶೆ ಬೇರೆ. ಅದರಲ್ಲಿ ಗೋವಾ ದೊಡ್ಡದು. ಪುಸ್ತಕದ ಪ್ರಕಾರ ಅದು ದೇಶದ ಅತಿ ಸಣ್ಣ ರಾಜ್ಯ. ವಾಸ್ಕೋದ ಬೈನಾ, ಝುವಾರಿನಗರದ ಗಲ್ಲಿಗಳಲ್ಲಿ ನಮ್ಮ ಜಿಲ್ಲೆಯ ಕನ್ನಡವನ್ನು ಕೇಳಿ ಬಂದ ಹುಡುಗನಿಗೆ ಅದು ಸಣ್ಣದು ಎಂದರೆ ನಗು ಬರುತ್ತದೆ. ಗಾರೆ ಕೆಲಸ, ರಸ್ತೆ ಕೆಲಸ, ಹೊತ್ತು ಹೇರುವ ಕೆಲಸ, ಎಲ್ಲಕ್ಕೂ ಇಲ್ಲಿಂದ ಜನ ಹೋಗುತ್ತಾರೆ. ಅದೂ 1961ರ ಡಿಸೆಂಬರ್ 19ರವರೆಗೆ ಪೋರ್ಚುಗೀಸರ ಪರದೇಶವೇ ಆಗಿತ್ತು ಎಂದೆ. ‘ಹಂಗಾರ ನಮ್ಮಪ್ಪ ಫಾರಿನ್‌ದಾಗ ಅದಾನು!’ ಎಂದು ಒಬ್ಬ ಎದ್ದು ನಿಂತ. ಈಗಲ್ಲೋ ತಮ್ಮಾ, ಆಗ ಎಂದರೆ ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ಕ್ಲಾಸಿಗೆಲ್ಲ ಹೇಳಿ ಮುಗಿಸಿದ್ದ.

ಸಾಂಗ್ಲಿ, ಕೊಲ್ಲಾಪುರ ಅವರಿಗೆ ಕಬ್ಬಿನ ಹಂಗಾಮಿನ ಊರುಗಳು. ದೀಪಾವಳಿಯ ಹೊತ್ತಿಗೆ ಅಪ್ಪ ಅವ್ವನ ಜೊತೆ ಗುಳೆ ಹೋದ ಮಕ್ಕಳು ಹಾಜರಿ ಪುಸ್ತಕದಲ್ಲಿ ಉದ್ದಕ್ಕೆ ಗೈರುಹಾಜರಿ ಬಿಟ್ಟು, ಬೇಸಿಗೆಗೆ ಮುಂಚೆ ತಿರುಗಿ ಬರುತ್ತಾರೆ. ಬಂದವರನ್ನು ನಿಲ್ಲಿಸಿ ಮಹಾರಾಷ್ಟ್ರದ ಕೈಗಾರಿಕೆಗಳನ್ನು ಕೇಳಿದರೆ ಯಾವ ಫ್ಯಾಕ್ಟರಿ ಟನ್ನಿಗೆ ಎಷ್ಟು ಕೊಡುತ್ತದೆ, ಯಾವ ಮುಕಾದಮ ಮುಂಗಡ ಕೊಟ್ಟು ಸತಾಯಿಸುತ್ತಾನೆ ಎಂಬಲ್ಲಿಂದ ಶುರು ಮಾಡುತ್ತಾರೆ. ಪುಸ್ತಕದಲ್ಲಿ ‘ಸಕ್ಕರೆ ಕೈಗಾರಿಕೆ’ಗೆ ಅರ್ಧ ಪುಟ ಇದೆ. ಅದನ್ನು ಓದಿ ಹೇಳಲು ನನಗೇ ಸಂಕೋಚವಾಗಿ, ಆ ಹೊತ್ತು ಅವರಿಗೇ ಬಿಟ್ಟೆ.

ಕಳೆದ ಪರೀಕ್ಷೆಗೆ ನಾನೇ ಒಂದು ಪ್ರಶ್ನೆ ಮಾಡಿದ್ದೆ: ಭಾರತದ ಐದು ಪ್ರಮುಖ ನಗರಗಳನ್ನು ಬರೆದು, ಅವು ಏಕೆ ಪ್ರಮುಖ ಎಂದು ಒಂದೊಂದು ಕಾರಣ ಕೊಡಿ. ಒಬ್ಬ ಹುಡುಗಿ ಗುಂಡಗೆ ಬರೆದಿದ್ದಳು: ವಾಸ್ಕೋ, ಅಪ್ಪ ಅಲ್ಲಿ ಇರ್ತಾನ. ಇಚಲಕರಂಜಿ, ಕಾಕಾ ಮಗ್ಗದ ಕೆಲಸಕ್ಕ ಹೋಗ್ತಾನ. ಸೊಲ್ಲಾಪುರ, ದೊಡ್ಡ ದವಾಖಾನಿ ಅದಾವು. ಪುಣೆ, ಅಕ್ಕನ್ನ ಕೊಟ್ಟೀವಿ. ದಿಲ್ಲಿ, ಪುಸ್ತಕದಾಗ ಐತಿ.

ಐದಕ್ಕೆ ಐದು ಕೊಟ್ಟೆ. ದಿಲ್ಲಿಗೆ ಮಾತ್ರ, ಕಾರಣ ಸಾಲದೆಂದು, ಅರ್ಧ ಮಾರ್ಕು ಕಳೆಯಲು ಕೈ ಹೋಗಿತ್ತು.