ಫೋಕಸ್ ಲೈಟ್ ಮೀಮಾಂಸೆ

ಶಾಸ್ತ್ರವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಆರಂಭದಲ್ಲೇ ಹೇಳಿಬಿಡುವುದು ವಾಡಿಕೆ. ಇಲ್ಲಿ ವಿಷಯ, ಬಯಲಿನ ದೀಪಾಲಂಕಾರಕ್ಕೆ ಕಿರಿದಾದ ಕೋನದ ಫೋಕಸ್ ಲೈಟ್ ಆರಿಸುವುದು. ಪ್ರಯೋಜನ, ಬೀದಿಯ ಗುಡಿಯ ಗೋಪುರದ ಮೇಲಿರುವ ಕಲಶ ರಾತ್ರಿ ಹೊತ್ತೂ ಕಾಣುವುದು. ಸಂಬಂಧ, ಕಲಶಕ್ಕೂ ಕರೆಂಟ್ ಬಿಲ್ಲಿಗೂ ಇರುವಂಥದ್ದು. ಅಧಿಕಾರಿ ಎಂದರೆ ಈ ಶಾಸ್ತ್ರವನ್ನು ಓದುವ ಅರ್ಹತೆ ಉಳ್ಳವನು: ಗಣೇಶೋತ್ಸವ ಸಮಿತಿಯ ಸಭೆಗೆ ತಡವಾಗಿ ಬಂದು, ಲೈಟಿಂಗ್ ಜವಾಬ್ದಾರಿಯನ್ನು ತಲೆಗೆ ಕಟ್ಟಿಸಿಕೊಂಡ ನತದೃಷ್ಟ. ಅಧ್ಯಕ್ಷರು ಅಧಿಕಾರಿಗಳಲ್ಲ. ಅವರಿಗೆ ಹಾರ ಇದೆ.

ಮೊದಲು ಪೂರ್ವಪಕ್ಷ. ಬೆಳಕು ಎಲ್ಲೆಲ್ಲೂ ಇರಬೇಕು, ಒಂದು ಕಡೆ ಬಿದ್ದು ಇನ್ನೊಂದು ಕಡೆ ಬೀಳದ ಬೆಳಕು ಅಲಂಕಾರವಲ್ಲ, ಪಕ್ಷಪಾತ ಎಂದು ಈ ಪಂಥದವರ ವಾದ. ಇವರಿಗೆ ಮೈಸೂರು ಅರಮನೆಯೇ ಪ್ರಮಾಣ. ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾಗಿ, ಹೆನ್ರಿ ಇರ್ವಿನ್ ಹಾಕಿದ ನಕ್ಷೆಯಂತೆ 1912ರಲ್ಲಿ ಕಟ್ಟಿ ಮುಗಿದ ಈಗಿನ ಅರಮನೆಯ ಮೈಮೇಲೆ ಒಂದು ಲಕ್ಷದ ಹತ್ತಿರ ಬಲ್ಬುಗಳಿವೆ. ಕಮಾನು, ಕಂಬ, ಗುಮ್ಮಟ ಯಾವುದನ್ನೂ ಬಿಡದೆ ಅಂಚು ಹಿಡಿದು ಕೂರಿಸಿದ್ದಾರೆ. ಆ ದರ್ಶನದಲ್ಲಿ ಕೋನದ ಮಾತೇ ಏಳುವುದಿಲ್ಲ. ಕಾಣುವುದೂ ಬಲ್ಬು, ಅಲಂಕಾರವೂ ಬಲ್ಬು. ಇದಕ್ಕೆ ಸಿದ್ಧಾಂತಿಯ ಉತ್ತರ: ಒಳ್ಳೆಯದು, ಒಂದು ಲಕ್ಷ ಬಲ್ಬು ತನ್ನಿ. ಇಲ್ಲಿ ಪೂರ್ವಪಕ್ಷಿ ಮೌನ ವಹಿಸುತ್ತಾನೆ.

ಆದ್ದರಿಂದ ಮೊದಲ ಸೂತ್ರ: ಕೋನ ಮೊದಲು, ವ್ಯಾಟ್ ಆಮೇಲೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಪರಂಪರೆ ಬೇರೂರಿದೆ. ಅಲ್ಲಿಯ ಶಾಸ್ತ್ರಾರ್ಥ ಸ್ಥೂಲವಾಗಿ ಹೀಗೆ ಸಾಗುತ್ತದೆ.

"ಎಷ್ಟು ವ್ಯಾಟ್ ಕೊಡ್ಲಿ ಸಾರ್?"

"ಇದು ಎಷ್ಟು ಡಿಗ್ರಿ?"

"ಡಿಗ್ರಿಗಿಗ್ರಿ ಏನಿಲ್ಲ ಸಾರ್, ಬಿಸಿನೇ ಆಗಲ್ಲ. ಎಲ್‌ಇಡಿ."

ಅನಂತರ ಅವರು ಆರಡಿ ದೂರದ ಎದುರು ಗೋಡೆಗೆ ದೀಪ ಹೊತ್ತಿಸಿ ತೋರಿಸುತ್ತಾರೆ. ಆರಡಿಯಲ್ಲಿ ಜಗತ್ತಿನ ಯಾವ ದೀಪವಾದರೂ ಕಣ್ಣು ಕುಕ್ಕುತ್ತದೆ. ಗಿರಾಕಿ ಕಣ್ಣುಜ್ಜಿಕೊಳ್ಳುತ್ತ ದುಡ್ಡು ಎಣಿಸುತ್ತಾನೆ.

ಕೋನದ ಲಕ್ಷಣವನ್ನು ತಿಳಿದವರು ಕಡಿಮೆ. ಬೀಮ್ ಆಂಗಲ್ ಎಂದರೆ ಬೆಳಕು ಮುಗಿಯುವ ಅಂಚಲ್ಲ, ನಡುವಿನ ತೀವ್ರತೆ ಅರ್ಧಕ್ಕೆ ಇಳಿಯುವ ಅಂಚು. ಹತ್ತರಲ್ಲಿ ಒಂದು ಪಾಲಿಗೆ ಇಳಿಯುವವರೆಗಿನ ಹರಹಿಗೆ ಫೀಲ್ಡ್ ಆಂಗಲ್ ಎಂಬ ಬೇರೆ ಹೆಸರಿದೆ. ಪಕ್ಕದ ಮನೆಯ ಎರಡನೇ ಮಹಡಿಯ ಬೆಡ್‌ರೂಮು ಸಾಮಾನ್ಯವಾಗಿ ಈ ಎರಡು ಕೋನಗಳ ನಡುವೆ ಇರುತ್ತದೆ.

ಇನ್ನು ಗಣಿತ. ದೂರವನ್ನು ಡಿಗ್ರಿಯಿಂದ ಗುಣಿಸಿ 57ರಿಂದ ಭಾಗಿಸಿದರೆ ಬೆಳಕಿನ ವೃತ್ತದ ವ್ಯಾಸ ಸಿಗುತ್ತದೆ. ಇಪ್ಪತ್ತು ಮೀಟರ್ ದೂರಕ್ಕೆ 30 ಡಿಗ್ರಿ ದೀಪ ಹತ್ತೂವರೆ ಮೀಟರ್ ಅಗಲಕ್ಕೆ ಹರಡಿ ಗೋಪುರ, ಅರಳಿಮರ, ಟ್ರಾನ್ಸ್‌ಫಾರ್ಮರ್ ಎಲ್ಲವನ್ನೂ ಸಮಭಾವದಿಂದ ಮಂಕಾಗಿಸುತ್ತದೆ. 10 ಡಿಗ್ರಿಯದು ಮೂರೂವರೆ ಮೀಟರಿಗೆ ನಿಲ್ಲುತ್ತದೆ. ಒಂದು ಮೀಟರ್ ಎತ್ತರದ ಕಲಶವೊಂದನ್ನೇ ಹಿಡಿಯಬೇಕೆಂದರೆ ಸುಮಾರು ಮೂರು ಡಿಗ್ರಿ ಬೇಕು. ಒಂದೇ ಪಾತ್ರೆಯ ಪಾಯಸವನ್ನು ಇಡೀ ಪಂಕ್ತಿಗೆ ಬಡಿಸುವುದಕ್ಕೂ ಹೊಸ ಅಳಿಯನ ಎಲೆಗೇ ಸುರಿಯುವುದಕ್ಕೂ ಎಷ್ಟು ಅಂತರವೋ ಇಲ್ಲೂ ಅಷ್ಟೇ: ದೀಪದ ಒಟ್ಟು ಲುಮೆನ್ ಬದಲಾಗದಿದ್ದರೂ ಕೋನ 40ರಿಂದ 10ಕ್ಕೆ ಇಳಿದರೆ ನಡುವಿನ ತೀವ್ರತೆ ಹದಿನಾರು ಪಟ್ಟಿನ ಆಸುಪಾಸಿಗೆ ಏರುತ್ತದೆ. ಡಬ್ಬಿಯ ಮೇಲೆ ಲುಮೆನ್ ದಪ್ಪಕ್ಷರದಲ್ಲೂ ಕೋನ ಇರುವೆಯ ಕಾಲಿನಷ್ಟು ಸಣ್ಣದಾಗಿಯೂ ಇರುವುದು ಇದೇ ಕಾರಣಕ್ಕೆ ಎಂಬ ಗುಮಾನಿ ನನಗಿದೆ. ತೀವ್ರತೆಯನ್ನು ಹೇಳುವ ಕ್ಯಾಂಡೆಲಾ ಸಂಖ್ಯೆ ಸಿಕ್ಕರೆ ಅದನ್ನು ದೂರದ ವರ್ಗದಿಂದ ಭಾಗಿಸಿ. 10,000 ಕ್ಯಾಂಡೆಲಾ ದೀಪ ಹತ್ತು ಮೀಟರಿಗೆ 100 ಲಕ್ಸ್, ಇಪ್ಪತ್ತು ಮೀಟರಿಗೆ 25 ಲಕ್ಸ್. ಹುಣ್ಣಿಮೆಯ ಬೆಳದಿಂಗಳು ಹೆಚ್ಚುಕಡಿಮೆ ಕಾಲು ಲಕ್ಸ್. ಕಲಶದ ಪಾಲಿಗೆ ನೂರು ಹುಣ್ಣಿಮೆ ಬಂತು, ಇನ್ನೇನು ಬೇಕು?

ಬೇಕಾದದ್ದು ಒಮ್ಮತ. ಎರಡನೆಯ ಸೂತ್ರ: ಕೋನ ಕಿರಿದಾದಷ್ಟೂ ಜಗಳ ಹಿರಿದು. ಅರವತ್ತು ಡಿಗ್ರಿಯ ದೀಪದ ಕೆಳಗೆ ಯಾರೂ ಕಿತ್ತಾಡುವುದಿಲ್ಲ. ಎಲ್ಲರಿಗೂ ಒಂದಿಷ್ಟು, ಯಾರಿಗೂ ಸಾಲದಷ್ಟು. ಮೂರೂವರೆ ಮೀಟರಿನ ವೃತ್ತ ಸಭೆಯ ಮುಂದೆ ಬಂದಾಗ ಮಾತ್ರ ಮನುಷ್ಯಸ್ವಭಾವ ಬಯಲಾಗುತ್ತದೆ. ಅರ್ಚಕರು ಕಲಶವೆಂದರು. ಹುಡುಗರು ಗಣಪನ ಮುಖವೆಂದರು. ಗೌರವಾಧ್ಯಕ್ಷರು ಏನೂ ಅನ್ನಲಿಲ್ಲ, ದಾನಿಗಳ ಫ್ಲೆಕ್ಸಿನ ಕಡೆ ನೋಡಿ ಕೆಮ್ಮಿದರು. ಕೆಮ್ಮು ಪ್ರಮಾಣವೇ ಎಂದು ತಾರ್ಕಿಕರು ಕೇಳಬಹುದು. ಸಮಿತಿಗಳಲ್ಲಿ ಅದು ಪ್ರತ್ಯಕ್ಷಕ್ಕಿಂತ ಬಲವಾದ ಪ್ರಮಾಣ.

ಫ್ಲೆಕ್ಸು ಇಪ್ಪತ್ತಡಿ ಅಗಲ, ಅಂದರೆ ಆರು ಮೀಟರ್. ವೃತ್ತವನ್ನು ನಡುವೆ ನಿಲ್ಲಿಸಿದಾಗ ಎರಡೂ ತುದಿಯ ಪಾಸ್‌ಪೋರ್ಟ್ ಸೈಜಿನ ಮುಖಗಳು ಕತ್ತಲಿಗೆ ಸರಿದವು. ಅವುಗಳಲ್ಲೊಂದು ಶಾಮಿಯಾನ ಪುಕ್ಕಟೆ ಹಾಕಿಸಿದವರದು. ನಡುವಿನವರಿಗಾದರೂ ಸುಖವಾಯಿತೇ ಎಂದರೆ, ಹೊಳೆಯುವ ಫ್ಲೆಕ್ಸಿಗೆ ನೇರವಾಗಿ ಬಿದ್ದ ಕಿರಣ ನೋಡುವವರ ಕಣ್ಣಿಗೇ ವಾಪಸ್ ಬಂದು, ಗೌರವಾಧ್ಯಕ್ಷರ ಮುಖದ ಜಾಗದಲ್ಲಿ ಒಂದು ಬಿಳಿ ಚಂದ್ರ ಉಳಿಯಿತು. ಮಾರನೇ ಸಂಜೆ ಶಾಮಿಯಾನದ ಒಂದು ಮೂಲೆ ಸೋರತೊಡಗಿದ್ದು ಕೇವಲ ಕಾಕತಾಳೀಯ ಎಂದೇ ಈ ಶಾಸ್ತ್ರಕಾರನ ಮತ.

ಉಳಿದ ಪ್ರಕರಣಗಳನ್ನು ಬೇಗ ಮುಗಿಸೋಣ. ಪಾರ್ 38, ಪಾರ್ 64 ಎಂಬ ಅಂಕೆಗಳು ಕೋನವೂ ಅಲ್ಲ, ಶಕ್ತಿಯೂ ಅಲ್ಲ. ಬಲ್ಬಿನ ವ್ಯಾಸವನ್ನು ಇಂಚಿನ ಎಂಟನೇ ಒಂದಂಶಗಳಲ್ಲಿ ಎಣಿಸಿದ್ದು. 64 ಎಂದರೆ ಎಂಟು ಇಂಚು. ಎಂಟು ಎಂದೇ ಏಕೆ ಬರೆಯಲಿಲ್ಲ ಎಂಬುದಕ್ಕೆ ಭಾಷ್ಯಕಾರರು ಬಾಯಿಬಿಟ್ಟಿಲ್ಲ. ತೆಂಗಿನ ಮರಕ್ಕೆ ಬುಡದಿಂದ ಬೆಳಕು ಬಿಡುವುದಾದರೆ ಕಾಂಡಕ್ಕೆ 10 ಡಿಗ್ರಿ ಧಾರಾಳ, ಗರಿಗಳೂ ಬೇಕಿದ್ದರೆ 20ಕ್ಕೆ ಹೋಗಿ. ಐಪಿ 65 ಎಂಬಲ್ಲಿ ಆರು ಧೂಳಿನದು, ಐದು ನೀರಿನದು. ಪೈಪಿನ ನೀರು ಚಿಮ್ಮಿದರೂ ತಡೆಯುತ್ತದೆ, ಮುಳುಗಿಸಿದರೆ ತಡೆಯುವುದಿಲ್ಲ. ಹಬ್ಬ ಬರುವುದು ಭಾದ್ರಪದದಲ್ಲಿ, ಮಳೆ ಇನ್ನೂ ಊರಲ್ಲೇ ಇರುವಾಗ. ದೀಪ 65 ಆಗಿದ್ದು, ವೈರಿನ ಜೋಡಣೆಗೆ ಟೇಪು ಸುತ್ತಿ ಒದ್ದೆ ಹುಲ್ಲಿನ ಮೇಲೆ ಬಿಟ್ಟಿದ್ದರೆ ಆ ಅಂಕೆಯಿಂದ ಏನೂ ಆಗದು. 30 ಮಿಲಿಆಂಪಿಯರ್ ಸೋರಿಕೆಗೇ ಟ್ರಿಪ್ ಆಗುವ ಬ್ರೇಕರ್ ಹಾಕಿಸಿ. ಈ ಒಂದು ವಾಕ್ಯದಲ್ಲಿ ಅಣಕವಿಲ್ಲ.

ಅತಿಮಾರ್ಗಿಗಳೂ ಇದ್ದಾರೆ. ಮೆರವಣಿಗೆಯ ಹುಡುಗರ ಆರಾಧ್ಯದೈವ ಶಾರ್ಪಿ. ಇಟಲಿಯ ಕ್ಲೇ ಪಾಕಿ ಕಂಪನಿಯ ಮೂಲ ಶಾರ್ಪಿಯಲ್ಲಿ ಬರೀ 189 ವ್ಯಾಟಿನ ಬಲ್ಬು, ಕೋನ ನಾಲ್ಕು ಡಿಗ್ರಿಯೊಳಗೆ. ಈಗ ಬಾಡಿಗೆಯವರ ಬಾಯಲ್ಲಿ ತಲೆ ತಿರುಗಿಸುವ ಪ್ರತಿ ದೀಪವೂ ಶಾರ್ಪಿಯೇ. ಇದು ಬೆಳಗುವುದು ವಸ್ತುವನ್ನಲ್ಲ, ಗಾಳಿಯನ್ನು. ಧೂಳೋ ಮಂಜೋ ಸಾಂಬ್ರಾಣಿಯ ಹೊಗೆಯೋ ಇಲ್ಲದಿದ್ದರೆ ಕಿರಣವೇ ಕಾಣದು. ಈ ಪಂಥದ ಕೈಲಾಸವಿರುವುದು ಲಾಸ್ ವೇಗಸ್ಸಿನ ಲಕ್ಸರ್ ಹೋಟೆಲಿನ ತುದಿಯಲ್ಲಿ: ಒಂದೇ ಕಂಬವಾಗಿ ಆಕಾಶಕ್ಕೇರಲೆಂದು ಕೂರಿಸಿದ, ತಲಾ 7,000 ವ್ಯಾಟಿನ 39 ಕ್ಸೆನಾನ್ ದೀಪಗಳು. ಆ ಬೆಳಕಿಗೆ ಹುಳುಗಳು ಬಂದವು, ಹುಳುಗಳಿಗೆ ಬಾವಲಿಗಳು ಬಂದವು, ಬಾವಲಿಗಳ ಹಿಂದೆ ಗೂಬೆಗಳು ಬಂದವು. ಹುಳುಗಳಿಗೆ ದೀಪದ ಮೇಲೆ ಮೋಹವೇನೂ ಇಲ್ಲ, ಬೆಳಕಿನತ್ತ ಬೆನ್ನು ತಿರುಗಿಸಲು ಹೋಗಿ ದಿಕ್ಕು ತಪ್ಪಿ ಸುತ್ತುತ್ತವೆ ಎಂದು 2024ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಹೇಳುತ್ತದೆ. ನಮ್ಮ ಪೆಂಡಾಲಿನಲ್ಲಿ ಮಳೆಹುಳು ಎದ್ದ ರಾತ್ರಿ ಈ ಸಂಶೋಧನೆ ಪ್ರಸಾದದ ಪುಳಿಯೋಗರೆಯಲ್ಲಿ ಮರುದೃಢಪಟ್ಟಿತು.

ಇತಿ ಫಲಶ್ರುತಿ. ಈ ಶಾಸ್ತ್ರವನ್ನು ಭಾದ್ರಪದ ಶುಕ್ಲದೊಳಗೆ ಓದಿದವನಿಗೆ ಕೋನಜ್ಞಾನ ಲಭಿಸುವುದು, ಎರಡನೇ ಮಹಡಿಯವರ ಶಾಪ ತಟ್ಟದು, ಮುಂದಿನ ವರ್ಷ ಲೈಟಿಂಗ್ ತಪ್ಪಿ ಪ್ರಸಾದ ವಿಭಾಗ ಸಿಗುವುದು. ಬಾಡಿಗೆ ದೀಪ ಹಿಂದಿರುಗಿಸುವಾಗ ಕ್ಲಾಂಪು ಒಂದು ಕಮ್ಮಿಯೆಂದು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುವ ಹಣಕ್ಕೆ ಮಾತ್ರ ಯಾವ ಶಾಸ್ತ್ರದಲ್ಲೂ ಪರಿಹಾರ ಹೇಳಿಲ್ಲ.