ಗೇರಿನ ಸರ್

ತಾಲ್ಲೂಕು ಕೇಂದ್ರ ಅಂದಮೇಲೆ ಒಂದು ತಹಶೀಲ್ದಾರ್ ಕಚೇರಿ, ಒಂದು ಬಸ್ ಸ್ಟ್ಯಾಂಡು ಮತ್ತು ಒಬ್ಬ ಗೇರಿನ ಸರ್ ಇರಲೇಬೇಕು. ಆಳಂದದಲ್ಲಿ ಒಬ್ಬರಿದ್ದಾರೆ, ಅಫಜಲಪುರದಲ್ಲಿ ಒಬ್ಬರಿದ್ದಾರೆ, ಜೇವರ್ಗಿಯಲ್ಲೂ ಒಬ್ಬರಿದ್ದಾರೆ. ನೌಕರಿ ಹೈಸ್ಕೂಲಿನದೋ ಬ್ಯಾಂಕಿನದೋ ಆಗಿರುತ್ತದೆ. ವಯಸ್ಸು ನಲವತ್ತರ ಆಜೂಬಾಜು, ಶುಗರ್ ಬಾರ್ಡರಿನಲ್ಲಿ. ಡಾಕ್ಟರು ಹೇಳಿದ್ದು “ದಿನಾ ಒಂದರ್ಧ ತಾಸು ನಡೀರಿ” ಅಂತ ಮಾತ್ರ. ನಡೆಯುವುದಕ್ಕೆ ಖರ್ಚಿಲ್ಲ, ಖರ್ಚಿಲ್ಲದ ಔಷಧದಲ್ಲಿ ಸರ್‌ಗೆ ನಂಬಿಕೆಯಿಲ್ಲ. ಕಲಬುರಗಿಗೆ ಹೋದವರು ಗೇರ್ ಸೈಕಲ್ ತಂದರು.

ಆ ಸೈಕಲ್ಲಿಗೆ ಎರಡು ಬೆಲೆ. ಮನೆಯಲ್ಲಿ ಹೇಳಿದ್ದು ಒಂದು, ಚಹಾದಂಗಡಿಯಲ್ಲಿ ಹೇಳುವುದು ಇನ್ನೊಂದು. ಎರಡನೆಯದನ್ನು ಕೇಳಿದವರೆಲ್ಲ ಕೂಡಲೇ ಲೆಕ್ಕ ಹಾಕುತ್ತಾರೆ. “ಅಷ್ಟ ರೊಕ್ಕಕ್ಕ ಒಂದು ಎಮ್ಮಿ ಬರ್ತಿತ್ತಲ್ರೀ ಸರ, ಹಾಲರೆ ಕೊಡ್ತಿತ್ತು.” ಊರಿನ ಪಂಕ್ಚರ್ ಅಂಗಡಿಯವನಿಗೂ ಈ ಸೈಕಲ್ ಒಂದು ಒಗಟು. ಅದರ ಟ್ಯೂಬಿನ ವಾಲ್ವ್ ಸಣ್ಣ ಕತ್ತಿನದು, ಅವನ ಪಂಪು ಅದಕ್ಕೆ ಕಚ್ಚುವುದಿಲ್ಲ. ಅದಕ್ಕೆಂದೇ ಸರ್ ಹಿತ್ತಾಳೆಯ ಒಂದು ಪುಟ್ಟ ಟೊಪ್ಪಿಗೆಯನ್ನು ಅಂಗಿಯ ಕಿಸೆಯಲ್ಲಿ ಪೆನ್ನಿನ ಪಕ್ಕದಲ್ಲೇ ಇಟ್ಟುಕೊಂಡಿರುತ್ತಾರೆ. ಸ್ಟಾಫ್ ಮೀಟಿಂಗಿನಲ್ಲಿ ಪೆನ್ನು ತೆಗೆಯಹೋಗಿ ಎಷ್ಟೋ ಸಲ ಅದನ್ನೇ ತೆಗೆದಿದ್ದಾರೆ.

ಬೇಸಿಗೆಯಲ್ಲಿ ನಮ್ಮ ಕಡೆಯ ಬಿಸಿಲು ನಲವತ್ತು ಡಿಗ್ರಿ ದಾಟುವುದರಿಂದ ಸರ್ ನಸುಕಿನಲ್ಲೇ ಹೊರಡುತ್ತಾರೆ. ಜೇವರ್ಗಿಯವರು ಕಟ್ಟಿಸಂಗಾವಿಯ ಭೀಮಾ ಸೇತುವೆಯ ಕಡೆಗೆ, ಆಳಂದದವರು ಕೋರಳ್ಳಿಯ ಅಮರ್ಜಾ ಅಣೆಕಟ್ಟಿನ ಕಡೆಗೆ, ಅಫಜಲಪುರದವರು ದೇವಲ ಗಾಣಗಾಪುರದ ಕಡೆಗೆ. ಮೈಗೆ ಅಂಟಿದ ಚಡ್ಡಿ, ತಲೆಗೆ ತೂತು ತೂತಿನ ಹೆಲ್ಮೆಟ್ಟು, ಕಣ್ಣಿಗೆ ಹಳದಿ ಗಾಜು. ಈ ವೇಷದಲ್ಲಿ ಗಾಣಗಾಪುರದ ದಾರಿ ಹಿಡಿಯುವುದಕ್ಕೆ ಎದೆಗಾರಿಕೆ ಬೇಕು. ದತ್ತನ ಸನ್ನಿಧಿಗೆ ಗಾಳಿ ಸೋಂಕಿದವರನ್ನು ಕರೆತರುವುದು ಎಲ್ಲರಿಗೂ ಗೊತ್ತು. ಸರ್ ನೀರು ಕುಡಿಯಲು ನಿಂತಲ್ಲೆಲ್ಲ ಜನ ಮೆಲ್ಲಗೆ ವಿಚಾರಿಸುತ್ತಾರೆ: “ಯಾರ್ ಕರ್ಕೊಂಡ್ ಬಂದಾರ್ರಿ ಇವರ್ನ?”

ಇಷ್ಟಕ್ಕೇ ನಿಂತಿದ್ದರೆ ಸರ್ ಆರೋಗ್ಯವಂತರಾಗಿ ಉಳಿಯುತ್ತಿದ್ದರು. ಆದರೆ ಮೊಬೈಲಿನಲ್ಲಿ ಸೈಕ್ಲೋಕ್ರಾಸ್ ಕಂಡರು. ಬೆಲ್ಜಿಯಮ್ಮಿನವರು ಚಳಿಗಾಲದ ರಾಡಿಯಲ್ಲಿ ಸೈಕಲ್ ಹೊಡೆಯುತ್ತಾರೆ, ಅಡ್ಡ ಹಲಗೆ ಬಂದರೆ ಇಳಿದು ಹಾರುತ್ತಾರೆ, ದಿಬ್ಬ ಬಂದರೆ ಸೈಕಲ್ಲನ್ನು ಹೆಗಲಿಗೇರಿಸಿ ಓಡುತ್ತಾರೆ. ಅಂದಿನಿಂದ ಚಹಾದಂಗಡಿಯಲ್ಲಿ ಪಾಠ ಶುರು. 1902ರಲ್ಲಿ ದಾನಿಯೆಲ್ ಗೂಸೋ ಎಂಬ ಸೈನಿಕ ಫ್ರಾನ್ಸಿನ ಮೊದಲ ಚಾಂಪಿಯನ್‌ಶಿಪ್ ನಡೆಸಿದ್ದು, 1910ರ ಟೂರ್ ದ ಫ್ರಾನ್ಸ್ ಗೆದ್ದ ಒಕ್ತಾವ್ ಲಪೀಜ್ ಈ ಆಟಕ್ಕೇ ಶ್ರೇಯ ಕೊಟ್ಟಿದ್ದು, 1950ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ಆಗಿದ್ದು, ಟೈರು 33 ಮಿಲಿಮೀಟರಿಗಿಂತ ಅಗಲ ಇರಬಾರದೆಂಬ ನಿಯಮ, ಎಲ್ಲವೂ ಬಾಯಿಪಾಠ. ಮಿರ್ಚಿ ಕರಿಯುವ ಕಾಕಾ ಎಲ್ಲ ಕೇಳಿಸಿಕೊಂಡು, “ರಾಡ್ಯಾಗ ಸೈಕಲ್ ಹೊತ್ತರ ರೊಕ್ಕ ಕೊಡ್ತಾರೇನ್ರೀ? ಹಂಗಾದ್ರ ನಮ್ಮೂರಾಗ ಎಲ್ಲಾರೂ ಸಾವ್ಕಾರ್ರು” ಎಂದ.

ಅವಕಾಶ ಬಂದದ್ದು ಶ್ರಾವಣದಲ್ಲಿ. ಪಂಚಮಿಗೆ ಹೊಳೆದಂಡೆಯ ಹಳ್ಳಿಯೊಂದರಲ್ಲಿ ಸೈಕಲ್ ರೇಸು. ಅಗಸಿಯಿಂದ ಹೊರಟು, ಬಂಡಿದಾರಿ ಹಿಡಿದು, ತೊಗರಿ ಹೊಲಗಳ ನಡುವೆ ಹಾಯ್ದು, ಹಳ್ಳ ದಾಟಿ ಮತ್ತೆ ಅಗಸಿಗೆ ಮೂರು ಸುತ್ತು. ಹಿಂದಿನ ರಾತ್ರಿ ಮಳೆ ಬೇರೆ ಬಿದ್ದಿತ್ತು. ಸರ್‌ಗೆ ಬೆಲ್ಜಿಯಮ್ಮೇ ಬಾಗಿಲಿಗೆ ಬಂದಷ್ಟು ಖುಷಿ. ಅವರ ಭಯವೆಲ್ಲ ಹೊಳೆಯ ಆಚೆಯವರದು. ಭೀಮಾ ದಾಟಿದರೆ ವಿಜಯಪುರ ಜಿಲ್ಲೆ, ಅಲ್ಲಿಯ ಹುಡುಗರು ರಾಷ್ಟ್ರಮಟ್ಟದಲ್ಲಿ ಪದಕ ಹೊಡೆಯುವ ಪೈಕಿ. ಅಂಥವರು ಯಾರೂ ಬಂದಿಲ್ಲವೆಂದು ಖಾತ್ರಿ ಮಾಡಿಕೊಂಡೇ ಹೆಸರು ಕೊಟ್ಟರು. ಪಕ್ಕದಲ್ಲಿ ನಿಂತಿದ್ದ ಹುಡುಗನ ಕಡೆ ಅವರ ಗಮನವೇ ಹೋಗಲಿಲ್ಲ. ಅವನದು ಅಕ್ಕನ ಹಳೆಯ ಸೈಕಲ್ಲು. 2006-07ರಿಂದ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಕೊಡತೊಡಗಿದ್ದಲ್ಲ, ಆ ಜಾತಿಯದು. ಮಡ್‌ಗಾರ್ಡ್ ಇಲ್ಲ, ಬೆಲ್ಲಿಲ್ಲ, ಕಾಲಲ್ಲಿ ಚಪ್ಪಲಿಯೂ ಇಲ್ಲ. ಸೊಂಟದ ಉಡದಾರಕ್ಕೆ ಒಂದು ಬಿದಿರು ಚಕ್ಕೆ ಸಿಕ್ಕಿಸಿಕೊಂಡಿದ್ದ.

ಬೆಲ್ಜಿಯಮ್ಮಿನ ರಾಡಿ ಮತ್ತು ನಮ್ಮ ಎರಿಮಣ್ಣು ಬೇರೆ ಬೇರೆ ಕುಲದವು. ಎರಿ ನೀರು ಕುಡಿದು ಉಬ್ಬುವ ಜಾತಿ. ಒಮ್ಮೆ ಹಿಡಿದದ್ದನ್ನು ಬಿಡುವುದಿಲ್ಲ. ಸರ್ ಬಂಡಿದಾರಿಯ ನಟ್ಟನಡುವೆ ಜೋರಾಗಿ ಹೊಡೆದರು. ನಾಲ್ಕು ಮಾರು ಹೋಗುವುದರೊಳಗೆ ಟೈರು ಇಮ್ಮಡಿ ದಪ್ಪವಾಯಿತು. ಮತ್ತೆ ನಾಲ್ಕು ಮಾರಿಗೆ ಚಕ್ರ ಮತ್ತು ಚಿಮಟಿಗೆಯ ನಡುವೆ ಮಣ್ಣು ಗಾರೆಯಂತೆ ತುಂಬಿ ಗಾಲಿ ತಿರುಗುವುದೇ ನಿಂತಿತು. ಗೇರ್ ಬದಲಿಸಿದರು. ಎಲ್ಲ ಗೇರುಗಳೂ ಒಂದೇ ಆಗಿದ್ದವು. ಇಳಿಯೋಣವೆಂದರೆ ಬೂಟು ಪೆಡಲಿಗೆ ಕಚ್ಚಿಕೊಂಡ ನಮೂನೆಯದು, ಬಿಡಿಸಿಕೊಳ್ಳುವಷ್ಟರಲ್ಲಿ ಸೈಕಲ್ ಸಮೇತ ನಿಧಾನವಾಗಿ ಎಡಕ್ಕೆ ಒರಗಿದರು. ಹುಡುಗ ಬಂಡಿದಾರಿಯನ್ನು ಮುಟ್ಟಲೇ ಇಲ್ಲ. ಹುಲ್ಲು ಬೆಳೆದ ಒಡ್ಡಿನ ಮೇಲೆ ಹತ್ತಿ, ಅಂಚಿನಲ್ಲೇ ಹೊಡೆದ. ಎಲ್ಲಿ ಮಣ್ಣು ಹತ್ತಿತೋ ಅಲ್ಲಿ ಬಿದಿರು ಚಕ್ಕೆಯಿಂದ ಎರಡು ಸಲ ಕೆರೆದು ಮುಂದೆ ನಡೆದ.

ಸರ್ ಧೃತಿಗೆಡಲಿಲ್ಲ. ವಿಡಿಯೊದಲ್ಲಿ ಕಂಡಂತೆ ಸೈಕಲ್ಲನ್ನು ಹೆಗಲಿಗೇರಿಸಿದರು. ಅಂಗಡಿಯವನು ಹಗುರದ ಸೈಕಲ್ ಎಂದು ಹೊಗಳಿ ಕೊಟ್ಟದ್ದು ಈಗ ಅರ್ಧ ಹೊಲವನ್ನು ಹೊತ್ತಿತ್ತು. ಹೆಜ್ಜೆಗೊಂದು ಹೆಂಟೆ ಬೂಟಿಗೆ ಅಂಟಿ ಸರ್ ಎತ್ತರವಾಗುತ್ತ ಹೋದರು. ಹಳ್ಳದ ದಂಡೆಯಲ್ಲಿ ಸದೆ ತೆಗೆಯುತ್ತಿದ್ದ ಮುದುಕಿಯೊಬ್ಬಳು ಕುರುಪಿ ಕೆಳಗಿಟ್ಟು ಕೇಳಿದಳು: “ಯಪ್ಪಾ, ಸೈಕಲ್ ಮ್ಯಾಲ ನೀ ಕೂಡಬೇಕೋ, ನಿನ್ನ ಮ್ಯಾಲ ಸೈಕಲ್ ಕೂಡಬೇಕೋ?” ಸರ್ ಉಸಿರು ಹಿಡಿದು, “ಇದೇ ನಿಯಮ ಅದ ಅವ್ವಾ” ಎಂದರು. “ನಿಯಮ ಮಾಡಿದವಗ ಹೆಂಡ್ರು ಮಕ್ಕಳು ಇದ್ದಿಲ್ಲೇನ?” ಎಂದು ಅವಳು ಮತ್ತೆ ಕುರುಪಿ ಹಿಡಿದಳು.

ಗೆದ್ದ ಹುಡುಗ ಬಹುಮಾನ ಎಣಿಸಿ, ಸುಸಲಾ ತಿಂದು, ಕೈ ತೊಳೆದ ಮೇಲೆ ಸರ್ ಅಗಸಿಗೆ ಬಂದರು. ಒಂದೇ ಸುತ್ತು ಆಗಿತ್ತು. ಮೈಕಿನವನು ಉಳಿದ ಎರಡನ್ನು ಪಂಚರ ಪರವಾಗಿ ಮಾಫಿ ಮಾಡಿದ.

ಮರುದಿನ ಚಹಾದಂಗಡಿಯಲ್ಲಿ ಕಾರಣಗಳ ಪಟ್ಟಿ ಸಿದ್ಧ: ಟೈರಿನ ಗಾಳಿ ಜಾಸ್ತಿಯಾಗಿತ್ತು, ಸೈಕಲ್ ಬದಲಿಸಿಕೊಳ್ಳುವ ಜಾಗ ಇಟ್ಟಿರಲಿಲ್ಲ, ಯುರೋಪಿನಲ್ಲಿ ಇಂಥ ಮಣ್ಣಿಗೆ ಪ್ರತಿ ಸುತ್ತಿಗೂ ತೊಳೆದ ಸೈಕಲ್ ಕೊಡುತ್ತಾರೆ. ಎಲ್ಲವೂ ನಿಜವೇ. ಆದರೂ ಬಿದಿರು ಚಕ್ಕೆಯ ಬೆಲೆ ವಿಚಾರಿಸಿದ್ದನ್ನು ಕಾಕಾ ಕಂಡಿದ್ದಾನೆ.

ನಗುವುದು ಸುಲಭ. ಆದರೆ ನಮ್ಮ ತಾಲ್ಲೂಕುಗಳಲ್ಲಿ ನೌಕರಿ ಕಾಯಂ ಆದ ಗಂಡಸು ನಲವತ್ತರ ನಂತರ ಸೋಲುವ ಸಾಧ್ಯತೆಯಿರುವ ಯಾವ ಕೆಲಸವನ್ನೂ ನಾಲ್ಕು ಜನರ ಎದುರು ಮಾಡುವುದಿಲ್ಲ. ವೇದಿಕೆಯ ಮೇಲೆ ಕೂರುತ್ತಾನೆ, ಶಾಲು ಹೊದಿಸಿಕೊಳ್ಳುತ್ತಾನೆ, ಗೆದ್ದವರಿಗೆ ಬಹುಮಾನ ಹಂಚಿ ನಾಲ್ಕು ಹಿತವಚನ ಹೇಳಿ ಜೀಪು ಹತ್ತುತ್ತಾನೆ. ಹಂಚುವ ಕುರ್ಚಿ ಬಿಟ್ಟು ಓಡುವವರ ಸಾಲಿಗೆ ಬಂದು ನಿಂತವರು ಗೇರಿನ ಸರ್ ಒಬ್ಬರೇ. ಪಂಚಮಿ ಬಂತೆಂದರೆ ಸುತ್ತಲಿನ ಹಳ್ಳಿಯವರೂ ಈಗ ಮೊದಲು ವಿಚಾರಿಸುವುದು ಬಹುಮಾನ ಎಷ್ಟೆಂದಲ್ಲ, “ಸರ್ ಹೆಸರು ಕೊಟ್ಟಾರೇನ್ರೀ?” ಅಂತ. ಕೊಟ್ಟಿದ್ದಾರೆಂದು ಗೊತ್ತಾದ ಕೂಡಲೇ ಉಳಿದವರೂ ಧೈರ್ಯವಾಗಿ ಹೆಸರು ಬರೆಸುತ್ತಾರೆ. ಕಟ್ಟಕಡೆಯ ಸ್ಥಾನ ಆಗಲೇ ಭರ್ತಿಯಾಗಿದೆಯಲ್ಲ!