ಉಷ್ಣವಂತೆ, ಉಷ್ಣ!

ಮೈಸೂರಿನ ಗಂಡಸಿಗೆ ಏನಾದರೂ ಅದು ಉಷ್ಣ. ಕಣ್ಣು ಕೆಂಪಾದರೆ ಉಷ್ಣ, ಬಾಯಿ ಹುಣ್ಣಾದರೆ ಉಷ್ಣ. ಕಾಂಡೋಮ್ ಮರೆತ ರಾತ್ರಿ ಕಳೆದು ನಾಲ್ಕನೇ ದಿನಕ್ಕೆ ಮೂತ್ರ ಉರಿದರೆ, ಅದೂ ಉಷ್ಣವೇ! ಬಾರ್ಲಿ ನೀರು ಕುಡೀತಾನೆ, ಎಳನೀರು ಕುಡೀತಾನೆ, ಅಮ್ಮನಿಂದ ಮೆಂತ್ಯದ ಮಜ್ಜಿಗೆ ಮಾಡಿಸಿಕೊಳ್ತಾನೆ. "ಬಿಸಿಲಲ್ಲಿ ಅಲೀಬೇಡ ಕಣೋ" ಅಂತಾಳೆ ಆ ಮಹಾತಾಯಿ. ಗೊನೋರಿಯಾ ಕ್ರಿಮಿಗೆ ಎಳನೀರಿನ ಮೇಲೇನೂ ಜಗಳವಿಲ್ಲ. ಎರಡರಿಂದ ಏಳು ದಿನದೊಳಗೆ ಸಾಮಾನ್ಯವಾಗಿ ತನ್ನ ಹಾಜರಿ ಹಾಕಿಯೇ ಹಾಕುತ್ತದೆ.

ಆಮೇಲೆ ಮೆಡಿಕಲ್ ಸ್ಟೋರಿನ ಸವಾರಿ. ಹೆಲ್ಮೆಟ್ ತೆಗೆಯುವುದಿಲ್ಲ. ಹೆಂಗಸರೆಲ್ಲ ಹೋಗಲಿ ಅಂತ ಕಾಯ್ತಾನೆ. ಹೋದ ಮೇಲೆ ವಿಕ್ಸ್ ಡಬ್ಬಿ ಕೊಂಡು ಬರ್ತಾನೆ. ಧೈರ್ಯ ಬಂದ ದಿನ ಯಾವುದೋ ಆಂಟಿಬಯೋಟಿಕ್ ಎರಡು ಮಾತ್ರೆ ನುಂಗಿ ನಿಲ್ಲಿಸುತ್ತಾನೆ. ಕ್ರಿಮಿಗೆ ಅಷ್ಟು ಸಾಕು, ಸಾಯುವುದಿಲ್ಲ, ಪಳಗುತ್ತದೆ.

ಸಿಫಿಲಿಸ್ ಇನ್ನೂ ಕಿಲಾಡಿ. 10ರಿಂದ 90 ದಿನದೊಳಗೆ ಯಾವಾಗಲೋ ಒಂದು ಹುಣ್ಣು, ಅದೂ ನೋವಿಲ್ಲದ್ದು; ಕೆಲವು ವಾರಕ್ಕೆ ತಾನೇ ಮಾಯ. ನಮ್ಮ ಹುಡುಗ ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತಿ ಕಾಯಿ ಒಡೆದು ಬರ್ತಾನೆ. ತಾಯಿ ಒಳ್ಳೆಯವಳೇ, ಆದರೆ ಪೆನಿಸಿಲಿನ್ ಚುಚ್ಚುವುದು ಅವಳ ಕೆಲಸವಲ್ಲ. ಹುಣ್ಣು ಹೋದರೂ ರೋಗ ರಕ್ತದಲ್ಲೇ ಇರುತ್ತದೆ. ಕ್ಲಮೀಡಿಯಾ ಅಂತೂ ಎಷ್ಟೋ ಜನಕ್ಕೆ ಬಂದಿದ್ದನ್ನೇ ತಿಳಿಸುವುದಿಲ್ಲ.

ಎಚ್‌ಐವಿ ಭಯವಿದ್ದರೆ ಆ ರಾತ್ರಿಯಿಂದ 72 ಗಂಟೆಯೊಳಗೆ ವೈದ್ಯರ ಮುಂದೆ ಕೂರಬೇಕು. ಅಗತ್ಯ ಕಂಡರೆ 28 ದಿನದ ತಡೆಮಾತ್ರೆ ಶುರು ಮಾಡುತ್ತಾರೆ. ಬಾರ್ಲಿ ಬೇಯಿಸುತ್ತಾ ಕೂತವನಿಗೆ ಆ 72 ಗಂಟೆ ಸೀಟಿ ಹೊಡೆದು ಹೇಳುವುದಿಲ್ಲ. ಮಾರನೇ ಬೆಳಿಗ್ಗೆಯೇ ರಕ್ತ ಪರೀಕ್ಷೆ ಮಾಡಿಸಿ "ನೆಗೆಟಿವ್" ಅಂತ ಕುಣಿಯುವವರೂ ಇದ್ದಾರೆ. ವೈರಸ್ ಪರೀಕ್ಷೆಗೆ ಸಿಕ್ಕಿಬೀಳಲು ವಾರಗಳು ಬೇಕು ಕಣಪ್ಪಾ.

ಹೋಗುವುದೆಲ್ಲಿಗೆ? ದೊಡ್ಡಾಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಸುರಕ್ಷಾ ಕ್ಲಿನಿಕ್ ಅಂತ ಇರುತ್ತದೆ. ಮಾತ್ರೆಗಳನ್ನು ಬಣ್ಣದ ಪೊಟ್ಟಣದಲ್ಲೇ ಕೊಡುತ್ತಾರೆ. ಸ್ರಾವಕ್ಕೆ ಬೂದು ಬಣ್ಣ, ಹುಣ್ಣಿಗೆ ಬಿಳಿ. ದುಡ್ಡಿಲ್ಲ. ಕಾಲು ಏಳದಿದ್ದರೆ 1097ಕ್ಕೆ ಫೋನು ಮಾಡಿ ಮೊದಲು ಬಾಯಿ ಬಿಡಬಹುದು. ಆದರೆ ಮೈಸೂರು ನೋಡಿ, ಸಾಲಿನಲ್ಲಿ ನಿಂತರೆ ಕುವೆಂಪುನಗರದ ಯಾರೋ ಆಂಟಿ "ನೀನು ಇಂಥವರ ಮಗ ಅಲ್ವೇನೋ?" ಅಂದುಬಿಟ್ಟರೆ! ಆಂಟಿ ಬಂದಿರುವುದು ಮಂಡಿನೋವಿಗೆ. ಅವನಿಗೆ ಮಾತ್ರ ಇಡೀ ಬಡಾವಣೆಯೇ ಬಂದು ನಿಂತ ಹಾಗೆ.

ಈ ನಾಚಿಕೆಯನ್ನು ಇದೇ ಊರಲ್ಲಿ ಗೆದ್ದವರಿದ್ದಾರೆ. ಲೈಂಗಿಕ ವೃತ್ತಿಯವರೇ ಸೇರಿ ಕಟ್ಟಿದ ಆಶೋದಯ ಸಮಿತಿ. 2004ರಲ್ಲಿ ಕೆಲಸ ಶುರುವಾದಾಗ ಈ ವೃತ್ತಿಯ ಹೆಂಗಸರಲ್ಲಿ ಸಿಫಿಲಿಸ್ ಸುಮಾರು ಶೇ. 25 ಇತ್ತು, 2006ರ ಹೊತ್ತಿಗೆ ಶೇ. 12ಕ್ಕೆ ಇಳಿಯಿತು. ಒಬ್ಬರನ್ನೊಬ್ಬರು ಕೈಹಿಡಿದು ಕ್ಲಿನಿಕ್ಕಿಗೆ ಕರೆದೊಯ್ದರು, ಗಿರಾಕಿಗೆ ಕಾಂಡೋಮ್ ಹಾಕಿಸಿದರು. ನಮ್ಮ ಡಿಗ್ರಿ ಹೋಲ್ಡರ್ ಇವರನ್ನು ಕಂಡರೆ ಮುಖ ತಿರುಗಿಸುತ್ತಾನೆ. ಅವರು ಪರೀಕ್ಷೆ ಮಾಡಿಸಿಕೊಂಡು ಬಂದಾಗಿದೆ, ಇವನದ್ದು ಇನ್ನೂ ಮಜ್ಜಿಗೆ.

ಕೊನೆಗೊಂದು ದಿನ ಹೋದ. ಡಾಕ್ಟರು ತಲೆಯೆತ್ತದೆ ಬರೆದುಕೊಂಡರು, ಬಯ್ಯಲೂ ಇಲ್ಲ. "ಮಾತ್ರೆ ಪೂರ್ತಿ ನುಂಗಿ. ವಾಸಿಯಾಗೋವರೆಗೂ ಏನೂ ಬೇಡ. ಜೊತೆಯಲ್ಲಿದ್ದವರನ್ನೂ ಕರ್ಕೊಂಡು ಬನ್ನಿ, ಅವರಿಗೂ ಕೊಡಬೇಕು, ಇಲ್ಲದಿದ್ರೆ ಮತ್ತೆ ನಿಮಗೇ ವಾಪಸ್."

"ಸಾರ್, ಅವರಿಗೂ ಉಷ್ಣ ಅಂತ ಹೇಳಿ ಕರ್ಕೊಂಡು ಬರಲಾ?"